ಹೆಸರು ಕರೆದರೆ ತಿರುಗುತ್ತದೆ ಎಂಬ ಕಾಲಂ

ಮಾನ್ಯ ಓದುಗರ ಸನ್ನಿಧಿಗೆ,

ವಿಷಯ: ನನಗೆ ಪಾರ್ಶ್ವವಾಯು ಬಡಿದು ಮಾತು ನಿಂತುಹೋದ ಬಗ್ಗೆ, ಹಾಗೂ ಅದಕ್ಕೂ ಮೊದಲು ಒಂದು ಮಗುವಿನ ರಿಜಿಸ್ಟರಿನಲ್ಲಿ ನಾನು ಹಾಕಿದ ತಪ್ಪು ಗುರುತಿನ ಬಗ್ಗೆ ನಿವೇದನೆ.

ಮಾನ್ಯರೇ,

ಮೇಲ್ಕಂಡ ವಿಷಯವನ್ನು ನಿವೇದಿಸುವ ಮೊದಲು ನನ್ನ ಕೈಬರಹಕ್ಕೂ ಕಾಗುಣಿತಕ್ಕೂ ತಮ್ಮ ಕ್ಷಮೆ ಕೋರುತ್ತೇನೆ. ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ. ನನ್ನ ಬಲಗೈ ಈಗ ಲೋಟ ಹಿಡಿಯುತ್ತದೆ, ಸೆರಗು ಸರಿಮಾಡುತ್ತದೆ. ಆದರೆ ಪೆನ್ನು ಕೊಟ್ಟರೆ ಎರಡು ಸಾಲಿನ ಮೇಲೆ ಒಪ್ಪುವುದಿಲ್ಲ. ಒತ್ತಕ್ಷರಗಳು ಬಿಟ್ಟುಹೋಗುತ್ತವೆ, ಬಿಟ್ಟುಹೋದದ್ದು ನನ್ನ ಕಣ್ಣಿಗೆ ಕಾಣುವುದೂ ಇಲ್ಲ. ಮಗಳು ಅನುಷಾ ಒಮ್ಮೆ ಓದಿ ನೋಡಿದ್ದಾಳೆ. ಅವಳಿಗೆ ಪಿಯುಸಿ ಪರೀಕ್ಷೆ ಹತ್ತಿರವಿರುವುದರಿಂದ ಎರಡನೇ ಸಲ ಕೇಳಲು ಮನಸ್ಸು ಬರಲಿಲ್ಲ.

ನಾನು ಕಥೆಯನ್ನಾಗಲಿ ಲೇಖನವನ್ನಾಗಲಿ ಬರೆದವಳಲ್ಲ. ನನ್ನ ಹೆಸರು ಸುಮಂಗಳ. ಅಜ್ಜಂಪುರದಿಂದ ಅಂತರಘಟ್ಟೆಗೆ ಹೋಗುವ ದಾರಿಯಲ್ಲಿರುವ ಒಂದು ಊರಿನ ಅಂಗನವಾಡಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಕಾರ್ಯಕರ್ತೆಯಾಗಿದ್ದೇನೆ. ಇಷ್ಟು ವರ್ಷ ಬರೆದಿರುವುದೆಲ್ಲ ಮೇಲಿನವರಿಗೆ ವರದಿ ಮತ್ತು ಮನವಿ. ‘ತಮ್ಮ ಅವಗಾಹನೆಗೆ ತರುವುದೇನೆಂದರೆ’ ಎಂದು ಮೊದಲು ಮಾಡದಿದ್ದರೆ ಕೈ ಮುಂದಕ್ಕೆ ಹೋಗುವುದಿಲ್ಲ. ಆದ್ದರಿಂದ ಇದನ್ನೂ ಅದೇ ರೀತಿಯಲ್ಲಿ ಬರೆಯುತ್ತಿದ್ದೇನೆ. ಕಡೂರಿನ ಚಿಕಿತ್ಸಾಲಯವೊಂದರ ಬೆಂಚಿನಲ್ಲಿ ಒಬ್ಬ ಹೆಂಗಸು ನನ್ನನ್ನು ಒಂದು ಪ್ರಶ್ನೆ ಕೇಳಿದ್ದರು. ಅದಕ್ಕೆ ಉತ್ತರ ಕೊಡಲು ಆ ದಿನ ನನ್ನಿಂದ ಆಗಲಿಲ್ಲ. ಆ ಪ್ರಶ್ನೆ ಏನೆಂಬುದನ್ನು ಕೊನೆಯಲ್ಲಿ ತಿಳಿಸುತ್ತೇನೆ.

ಮೊದಲು ರಿಜಿಸ್ಟರಿನ ವಿಚಾರ. ಮಕ್ಕಳ ತೂಕ, ಎತ್ತರ ಬರೆಯುವುದು ಸುಲಭ. ತಕ್ಕಡಿ ಹೇಳುತ್ತದೆ, ನಾವು ಬರೆಯುತ್ತೇವೆ. ಅದರ ಜೊತೆಗೆ ಇನ್ನೊಂದು ಪಟ್ಟಿಯಿದೆ. ಮುಖ ನೋಡಿ ನಗುತ್ತದೆಯೇ, ಹೆಸರು ಕರೆದರೆ ತಿರುಗುತ್ತದೆಯೇ, ಎರಡು ಮಾತು ಕೂಡಿಸಿ ಆಡುತ್ತದೆಯೇ, ಬೇರೆ ಮಗು ಅತ್ತರೆ ಹತ್ತಿರ ಹೋಗುತ್ತದೆಯೇ ಎಂದು ಸಾಲಾಗಿ ಇರುತ್ತದೆ. ಹೌದಾದರೆ ನೀಲಿ ಶಾಯಿಯಲ್ಲಿ ಗುರುತು, ಇಲ್ಲವಾದರೆ ಕೆಂಪಿನಲ್ಲಿ. ಇದಕ್ಕೆ ತಕ್ಕಡಿ ಇಲ್ಲ, ನಮ್ಮ ಕಣ್ಣೇ ತಕ್ಕಡಿ. ಆ ಪಟ್ಟಿ ಆರು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಮನುಷ್ಯರು ಬೆಳೆಯುತ್ತಾರೋ ಇಳಿಯುತ್ತಾರೋ, ಗುರುತು ಹಾಕುವವರು ಯಾರೂ ಇಲ್ಲ. ಈ ಮಾತು ಕಾಯಿಲೆ ಬರುವ ಮೊದಲು ನನಗೆ ಹೊಳೆದಿರಲಿಲ್ಲ.

ನಮ್ಮ ಅಂಗನವಾಡಿಗೆ ಲಾವಣ್ಯ ಎಂಬ ಮೂರು ವರ್ಷದ ಹೆಣ್ಣುಮಗು ಬರುತ್ತಿತ್ತು. ದಿನವೂ ಕರೆತಂದು ಬಿಡುತ್ತಿದ್ದುದು ಅಜ್ಜಿ ತಿಮ್ಮಕ್ಕ. ಮಗು ಚೂಟಿ. ನಾನು ಕಥೆ ಹೇಳುವಾಗ ಎಲ್ಲರಿಗಿಂತ ಮುಂದೆ ಕುಳಿತು ನನ್ನ ಬಾಯಿಯನ್ನೇ ನೋಡುತ್ತಿತ್ತು. ಆದರೆ ಮಾತು ಒಂದೂ ಇರಲಿಲ್ಲ. ಪಟ್ಟಿ ತುಂಬುವ ದಿನ ನಾನು ಕೆಂಪು ಪೆನ್ನು ತೆಗೆದುದನ್ನು ತಿಮ್ಮಕ್ಕ ಬಾಗಿಲಲ್ಲೇ ನಿಂತು ನೋಡಿದಳು.

“ಟೀಚರಮ್ಮ, ಇವರಪ್ಪನೂ ಹಿಂಗೇ ಕಣಮ್ಮ. ನಾಕು ವರ್ಷಕ್ಕೆ ಬಾಯಿ ಬಿಟ್ಟ. ಈಗ ನೋಡು, ಮುಚ್ಸೋಕೇ ಆಗಲ್ಲ. ಬಜೆ ತೇದು ನಾಲಿಗೆಗೆ ಹಚ್ತಾ ಇದೀನಿ, ಮಾತು ಬತ್ತದೆ. ನೀನು ಅದ್ರಲ್ಲಿ ಕೆಂಪುಗೆ ಬರ್ದು ಹೆಣ್ಣು ಕೂಸಿಗೆ ಮೂಗಿ ಅಂತ ಹೆಸರು ಕಟ್ಬೇಡ.”

“ಬಜೆ ಹಚ್ಬೇಡಿ ಅಂತ ಎಷ್ಟು ಸಲ ಹೇಳಿದೀನಿ ತಿಮ್ಮಕ್ಕ?”

“ನಿನ್ನ ನಾಲಿಗೆಗೂ ಹಚ್ಚೇ ಇರ್ತಾರೆ ಬಿಡು ನಿಮ್ಮವ್ವ. ಅದಕ್ಕೇ ಇಷ್ಟು ಮಾತಾಡ್ತೀಯ.”

ನಾವಿಬ್ಬರೂ ನಕ್ಕೆವು. ಮಗು ನಮ್ಮ ಕಡೆ ಬೆನ್ನು ಹಾಕಿ ಮರದ ತುಂಡುಗಳನ್ನು ಪೇರಿಸುತ್ತಿತ್ತು. ನಾನು “ಲಾವಣ್ಯಾ” ಎಂದು ಕರೆದೆ. ತಿರುಗಲಿಲ್ಲ. ಇನ್ನೊಮ್ಮೆ ಕರೆದೆ. ಅದೇ ಹೊತ್ತಿಗೆ ಸಹಾಯಕಿ ಹಾಲಮ್ಮ ಅನ್ನದ ಪಾತ್ರೆ ಹಿಡಿದು ಒಳಗೆ ಬಂದಳು, ಅವಳ ನೆರಳು ತುಂಡುಗಳ ಮೇಲೆ ಬಿದ್ದಿತು, ಮಗು ತಿರುಗಿತು. ತಿರುಗಿದ್ದು ನೆರಳಿಗೆ ಎಂಬುದು ನನಗೆ ಗೊತ್ತಿತ್ತು. ಮಧ್ಯಾಹ್ನ ಮೇಲ್ವಿಚಾರಕಿಯವರು ರಿಜಿಸ್ಟರ್ ನೋಡಲು ಬರುವವರಿದ್ದರು. ಕೆಂಪು ಗುರುತು ಹಾಕಿದರೆ ವರದಿ ಬರೆಯಬೇಕು, ಮನೆಯವರನ್ನು ಒಪ್ಪಿಸಬೇಕು, ಕಡೂರಿಗೆ ಕರೆದುಕೊಂಡು ಹೋಗಬೇಕು. ಮುಂದಿನ ಸಲ ನೋಡೋಣ ಎಂದುಕೊಂಡು, ಹೆಸರು ಕರೆದರೆ ತಿರುಗುತ್ತದೆಯೇ ಎಂಬ ಕಾಲಂನಲ್ಲಿ ನೀಲಿಯಲ್ಲಿ ‘ಹೌದು’ ಎಂದು ಗುರುತು ಹಾಕಿದೆ.

ಮೂರು ತಿಂಗಳ ನಂತರ, ಒಂದು ಬೆಳಿಗ್ಗೆ ಹನ್ನೊಂದು ಗಂಟೆಯ ಹೊತ್ತಿಗೆ ಹಾಜರಿ ಕರೆಯುತ್ತಿದ್ದೆ. ಮೂರು ಹೆಸರು ಸರಿಯಾಗಿ ಬಂದವು. ನಾಲ್ಕನೆಯದನ್ನು ಕಣ್ಣು ಓದಿತು, ಬಾಯಿಂದ ಬೇರೇನೋ ಸದ್ದು ಬಂದಿತು. ಟೀಚರ್ ಆಟವಾಡಿಸುತ್ತಿದ್ದಾರೆಂದು ಮಕ್ಕಳು ನಕ್ಕರು. ನಾನು ಮತ್ತೆ ಪ್ರಯತ್ನಿಸಿದೆ, ಅವರು ಮತ್ತೆ ನಕ್ಕರು. ಲಾವಣ್ಯ ಮಾತ್ರ ನಗಲಿಲ್ಲ. ಎದ್ದು ಬಂದು, ನನ್ನ ಬಾಯಿಯ ಬಲತುದಿಗೆ ಬೆರಳಿಟ್ಟು, ಜಾರಿದ್ದನ್ನು ಎತ್ತಿ ನಿಲ್ಲಿಸುವವಳಂತೆ ಮೇಲಕ್ಕೆ ಒತ್ತಿದಳು. ಅದು ನಿಲ್ಲಲಿಲ್ಲ. ಓಡಿಹೋಗಿ ಹಾಲಮ್ಮನ ಸೀರೆ ಹಿಡಿದು ಎಳೆದುಕೊಂಡು ಬಂದಳು.

“ಏನಕ್ಕಾ ಇದು, ಬಾಯಿ ಯಾಕಿಂಗೆ ಇಳ್ದದೆ?” ಎಂದ ಹಾಲಮ್ಮ ನನ್ನ ಉತ್ತರಕ್ಕೆ ಕಾಯದೆ ನನ್ನ ಯಜಮಾನರಿಗೆ ಫೋನ್ ಮಾಡಿದಳು.

ನನ್ನ ಯಜಮಾನರು ಮಲ್ಲಿಕಾರ್ಜುನ, ಅಜ್ಜಂಪುರದಲ್ಲಿ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಯಾರದೋ ಮೋಟಾರನ್ನು ತುಂಬಿದ್ದ ಲಗೇಜ್ ಆಟೋವನ್ನು ಹಾಗೆಯೇ ತಿರುಗಿಸಿಕೊಂಡು ಬಂದರು. ಮೋಟಾರ್ ಇಳಿಸಲೂ ಇಲ್ಲ. ನನ್ನನ್ನು ಮುಂದೆ ತಮ್ಮ ಪಕ್ಕಕ್ಕೆ ಒರಗಿಸಿಕೊಂಡು ತರೀಕೆರೆಯವರೆಗೆ ಮಾತಾಡುತ್ತಲೇ ಇದ್ದರು. ದಿನಕ್ಕೆ ಹತ್ತು ಮಾತಾಡದ ಮನುಷ್ಯ.

“ಏನಾಗಿಲ್ಲ ಕಣೆ. ವೋಲ್ಟೇಜ್ ಡ್ರಾಪ್ ಆಗಿರುತ್ತೆ ಅಷ್ಟೆ. ಬೆಳಿಗ್ಗೆ ತಿಂಡಿ ತಿಂದ್ಯಾ? ತಿಂದಿರಲ್ಲ ನೀನು. ಏನಾದ್ರೂ ಹೇಳೆ. ಬೈಯಿ ಬೇಕಾದ್ರೆ.”

ನನಗೆ ಅವರ ಒಂದೊಂದು ಮಾತೂ ಅರ್ಥವಾಗುತ್ತಿತ್ತು. ಇದನ್ನು ಓದುಗರು ದಯಮಾಡಿ ಗಮನಿಸಬೇಕು. ಮಾತು ನಿಂತವರನ್ನು ನೋಡಿದವರು ಬುದ್ಧಿಯೂ ನಿಂತಿದೆ ಎಂದು ತಿಳಿಯುತ್ತಾರೆ. ನಾನು ಒಳಗೆ ಪೂರ್ತಿಯಾಗಿ ಇದ್ದೆ. ಬಾಗಿಲು ಮಾತ್ರ ಸಿಗುತ್ತಿರಲಿಲ್ಲ.

ತರೀಕೆರೆಯ ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ಹೆಸರು ಕೇಳಿದರು. ನಾನು “ಶೇಂಗಾ” ಎಂದೆ. ಅದು ನನ್ನ ಕಿವಿಗೆ ಬಿದ್ದಿತು, ತಪ್ಪೆಂದು ತಿಳಿಯಿತು, ಇನ್ನೊಮ್ಮೆ ಹೇಳಹೋದರೆ ಮತ್ತೆ ಅದೇ ಬಂದಿತು. ನನ್ನ ಬದುಕಿನಲ್ಲಿ ಅಂಥ ಭಯವನ್ನು ನಾನು ಕಂಡಿರಲಿಲ್ಲ. ಸಾಯುವ ಭಯ ಬೇರೆ. ಇದು, ಬದುಕಿ ಉಳಿದವಳು ನಾನಲ್ಲದೆ ಇನ್ಯಾರೋ ಆಗಿಬಿಟ್ಟರೆ ಎಂಬ ಭಯ. ಡಾಕ್ಟರು ಸೂಜಿ ಕೊಟ್ಟು, ಶಿವಮೊಗ್ಗಕ್ಕೆ ಆಂಬುಲೆನ್ಸ್ ಮಾಡಿಸಿ, “ಬೇಗ ಕರ್ಕೊಂಡು ಬಂದಿದೀರ, ಅದೇ ನಿಮ್ಮ ಪುಣ್ಯ” ಎಂದು ಯಜಮಾನರಿಗೆ ಹೇಳಿದರು. ಆ ಪುಣ್ಯ ಯಾರ ಬೆರಳಿನದೆಂದು ನನಗೆ ಗೊತ್ತಿತ್ತು. ಹೇಳಲು ಬರುತ್ತಿರಲಿಲ್ಲ.

ಶಿವಮೊಗ್ಗದ ಆಸ್ಪತ್ರೆಗೆ ನಮ್ಮ ಅತ್ತೆಯವರು ಮಗಳು ಅನುಷಾಳ ಜೊತೆ ಬಂದು ಸೇರಿದರು. ಮರುದಿನ ನನ್ನನ್ನು ದೊಡ್ಡ ಸ್ಕ್ಯಾನಿಗೆ ಕರೆದೊಯ್ದರು. ಮೈಮೇಲೆ ಲೋಹ ಇರಬಾರದೆಂದು ಅಲ್ಲಿಯ ಹುಡುಗಿ ನನ್ನ ಬಳೆ, ಓಲೆ, ತಾಳಿ ಎಲ್ಲವನ್ನೂ ತೆಗೆದಳು. ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಗೆ ಕೈ ಹಾಕಿದಾಗ ನಾನು ಎಡಗೈಯಿಂದ ಅದನ್ನು ಅದುಮಿ ಹಿಡಿದೆ. ಅದರೊಳಗೆ ನನ್ನ ಇಷ್ಟಲಿಂಗವಿದೆ. ನಮ್ಮಲ್ಲಿ ಮಗುವಿಗೆ ಕಣ್ಣು ನಿಲ್ಲುವ ಮೊದಲೇ ಮಠದ ಅಯ್ಯನವರು ಬಂದು ಲಿಂಗ ಕಟ್ಟುತ್ತಾರೆ. ಅಂದಿನಿಂದ ಅದು ಮೈಬಿಟ್ಟು ಹೋಗಬಾರದು. ನನಗೂ ಹಾಗೆ ಕಟ್ಟಿದ್ದು. ನಾನು ಕೇಳಿ ಪಡೆದದ್ದಲ್ಲ, ತಿಳಿದು ಪಡೆದದ್ದೂ ಅಲ್ಲ.

ಅತ್ತೆಯವರು ಬಾಗಿಲು ದಾಟಿ ಒಳಗೇ ಬಂದುಬಿಟ್ಟರು.

“ಅದನ್ನ ತೆಗೀಬೇಡ ಕಣವ್ವ. ಹುಟ್ಟಿದಾಗಿಂದ ಇಳ್ಸಿಲ್ಲ ಅವಳು.”

“ಅಜ್ಜಿ, ಒಳಗಿರೋದು ದೊಡ್ಡ ಮ್ಯಾಗ್ನೆಟ್. ಎಳ್ಕೊಂಡು ಬಿಡುತ್ತೆ.”

“ಬೆಳ್ಳೀನ ತಾನೆ ನೀನು ಬೇಡ ಅನ್ನೋದು? ಬೆಳ್ಳಿ ನಾನಿಟ್ಕೋತೀನಿ. ಶಿವ ಅವಳ ಹತ್ರ ಇರ್ಲಿ.” ಎಂದು ಕರಡಿಗೆ ಬಿಚ್ಚಿ, ಲಿಂಗವನ್ನು ತಮ್ಮ ಸೆರಗಿನ ತುದಿಯಲ್ಲಿ ಹಿಡಿದು ತೋರಿಸಿದರು.

“ಇದು ಕಲ್ಲಾ, ಕಬ್ಬಿಣಾನಾ?”

“ಕಲ್ಲು. ನಿನ್ನ ಮೆಷಿನ್ನಿಗಿಂತ ಹಳೇದು.”

ಆ ಹುಡುಗಿ ನಗಲೂ ಇಲ್ಲ, ಗದರಲೂ ಇಲ್ಲ. ಒಳಗಿನ ದೊಡ್ಡವರನ್ನು ಕೇಳಿ ಬಂದು, ಜೇಬಿನಿಂದ ಒಂದು ಚಿಕ್ಕ ಅಯಸ್ಕಾಂತ ತೆಗೆದು ಲಿಂಗದ ಹತ್ತಿರ ಹಿಡಿದು ನೋಡಿದಳು. ಅದು ಅಂಟಲಿಲ್ಲ. ಹತ್ತಿಯಲ್ಲಿ ಸುತ್ತಿ ನನ್ನ ಎಡ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಿಸಿ, “ಬಿಡಬೇಡಿ ಅಮ್ಮ” ಎಂದಳು. ಅವಳ ಹೆಸರು ನನಗೆ ತಿಳಿಯದು.

ಯಂತ್ರದೊಳಗೆ ಯಾರೋ ತಗಡು ಬಡಿಯುತ್ತಿರುವಂಥ ಸದ್ದು. ನಾನು ಒಳಗೇ ಹೆಸರುಗಳನ್ನು ಹುಡುಕಿದೆ. ಮಗಳ ಹೆಸರು ಸಿಗಲಿಲ್ಲ. ಯಜಮಾನರ ಹೆಸರು ಸಿಗಲಿಲ್ಲ. ಆದರೆ ತುಟಿಗಳು ತಾವಾಗಿಯೇ ‘ನಮಃ ಶಿವಾಯ’ ಎನ್ನತೊಡಗಿದವು. ತಪ್ಪಿಲ್ಲದೆ, ತಡೆಯಿಲ್ಲದೆ. ಇತರರಾದರೆ ಇದನ್ನು ಶಿವನ ಕೃಪೆ ಎಂದು ಬರೆಯುತ್ತಿದ್ದರು. ನಾನು ಸತ್ಯವನ್ನೇ ನಿವೇದಿಸಬೇಕು: ನನ್ನ ಭಯ ಹೆಚ್ಚಾಯಿತು. ಮಗಳ ಹೆಸರು ಹೋಗಿ ಇದೊಂದೇ ಉಳಿದರೆ, ನಾನು ಯಾರ ತಾಯಿ?

ವಾರ್ಡಿನಲ್ಲಿ ಇನ್ನೂ ಒಂದು ಸಂಗತಿ ತಿಳಿಯಿತು. ಒಂದರಿಂದ ಇಪ್ಪತ್ತರವರೆಗೆ ಎಣಿಸುವುದು ಬರುತ್ತಿತ್ತು. ಅಂಗನವಾಡಿಯ ಹಾಡು ಬರುತ್ತಿತ್ತು. ನರ್ಸ್ ಸೂಜಿ ಚುಚ್ಚಿದಾಗ “ಥೂ ಮುಂಡೇದೆ” ಎಂಬುದೂ ಸ್ಪಷ್ಟವಾಗಿ ಬಂದಿತು. ಯಾರನ್ನೂ ಹಾಗೆ ಬೈದವಳಲ್ಲ ನಾನು. ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡೆ. ಯಜಮಾನರು ಮಾತ್ರ ಎರಡು ದಿನದಲ್ಲಿ ಮೊದಲ ಸಲ ನಕ್ಕರು.

“ನೋಡಿದ್ರಾ ಸಿಸ್ಟರ್, ಲೈನ್ ಕಟ್ ಆಗಿಲ್ಲ. ಎಲ್ಲೋ ಲೂಸ್ ಕಾಂಟ್ಯಾಕ್ಟು.”

ಮಗಳನ್ನು ಕರೆಯಲು ಹೋದಾಗಲೆಲ್ಲ ನನ್ನ ಬಾಯಿಂದ ‘ಚಮಚ’ ಎಂದು ಬರುತ್ತಿತ್ತು. ಅನುಷಾ ಮೊದಲ ಸಲ ನಕ್ಕು, “ಏನಮ್ಮ, ಚಮಚ ಇಲ್ಲೇ ಇದೀನಿ” ಎಂದಳು. ಎರಡನೇ ಸಲವೂ ಹಾಗೆಯೇ ಹೇಳಿದಳು. ಮೂರನೇ ಸಲ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟಳು. ನಲ್ಲಿ ಬಹಳ ಹೊತ್ತು ಓಡಿತು. ನನಗೆ ಕೇಳಿಸುತ್ತಿತ್ತು.

ಹನ್ನೊಂದನೆಯ ದಿನ ಮನೆಗೆ ಕಳುಹಿಸಿದರು. ಮಾತು ಎಷ್ಟು ಬರಬಹುದು ಎಂದು ಯಜಮಾನರು ಕೇಳಿದ್ದಕ್ಕೆ ದೊಡ್ಡ ಡಾಕ್ಟರು, “ಮೊದಲ ಕೆಲವು ತಿಂಗಳಲ್ಲಿ ಎಷ್ಟು ಬರುತ್ತೋ ನೋಡೋಣ” ಎಂದರು. ಆ ‘ನೋಡೋಣ’ ನಾನು ರಿಜಿಸ್ಟರಿನ ಮುಂದೆ ಅಂದುಕೊಂಡ ‘ನೋಡೋಣ’ದ ಹಾಗೆಯೇ ಕೇಳಿಸಿತು. ಅಂದಿನಿಂದ ಎದೆಯಲ್ಲಿ ಒಂದು ಲೆಕ್ಕ ಕುಳಿತುಬಿಟ್ಟಿತು. ಮಾತು ಬರಬೇಕಾದ ಮಗುವಿಗೆ ನಾನು ಸುಳ್ಳು ಗುರುತು ಹಾಕಿದೆ, ನನ್ನ ಮಾತನ್ನೇ ಕಿತ್ತುಕೊಳ್ಳಲಾಯಿತು.

ಮನೆಗೆ ಬಂದ ಮರುದಿನ ಅತ್ತೆಯವರು ಸಾಣೆಕಲ್ಲಿನ ಮೇಲೆ ಏನನ್ನೋ ತೇಯುತ್ತಾ ಕುಳಿತಿದ್ದರು. ವಾಸನೆಯಿಂದಲೇ ತಿಳಿಯಿತು, ಬಜೆ. ಎಷ್ಟು ಮನೆಗಳ ಹೊಸ್ತಿಲಲ್ಲಿ ನಿಂತು ಇದನ್ನು ಕೂಸಿನ ನಾಲಿಗೆಗೆ ಹಚ್ಚಬೇಡಿರೆಂದು ಭಾಷಣ ಮಾಡಿದ್ದೇನೋ ಲೆಕ್ಕವಿಲ್ಲ. ಇಂದು ಬೇಡವೆನ್ನಲು ನನ್ನಲ್ಲಿ ಒಂದು ಮಾತಿಲ್ಲ. ಅತ್ತೆಯವರು ನನ್ನ ಗಲ್ಲ ಹಿಡಿದು, “ಆ ಅನ್ನು” ಎಂದರು. ನಾನು ಆ ಎಂದೆ. ಖಾರ, ಕಹಿ ಎರಡೂ ಸೇರಿ ಕಣ್ಣಲ್ಲಿ ನೀರು ಬಂದಿತು. ಮದುವೆಯಾಗಿ ಬಂದಾಗಿನಿಂದ ನಮ್ಮಿಬ್ಬರಿಗೆ ಅಷ್ಟೇನೂ ಹೊಂದಿಕೆಯಿರಲಿಲ್ಲ. ಅವರು ಸೆರಗಿನಲ್ಲಿ ನನ್ನ ಬಾಯಿ ಒರೆಸಿ, “ನಿಮ್ಮವ್ವ ಹಚ್ಚಿದ್ದು ಸಾಲ್ದೇನೋ, ನನ್ನದೂ ಒಂಚೂರು ಇರ್ಲಿ” ಎಂದರು. ಬಜೆಯಿಂದ ಮಾತು ಬರಲಿಲ್ಲ. ಎಳೆಯ ಮಕ್ಕಳಿಗೆ ಹಚ್ಚಬೇಡಿರೆಂದು ಈಗಲೂ ಹೇಳುತ್ತೇನೆ. ಆದರೆ ಆ ಸೆರಗಿನ ಒರಟು ಅಂಚು ಇನ್ನೂ ನನ್ನ ತುಟಿಯ ಮೇಲಿದೆ.

ವಾರಕ್ಕೆ ಎರಡು ದಿನ ಕಡೂರಿನಲ್ಲಿ ಮಾತಿನ ಚಿಕಿತ್ಸೆ. ಕಲಿಸುವವರು ಚಿಕ್ಕ ವಯಸ್ಸಿನ ಮೇಡಂ. ನಮ್ಮ ಅನುಷಾಳಿಗಿಂತ ಆರೇಳು ವರ್ಷ ದೊಡ್ಡವರಿರಬಹುದು. ಮೊದಲ ದಿನ ಮೇಜಿನ ಮೇಲೆ ಚಿತ್ರಗಳನ್ನಿಟ್ಟರು. ಹಸು, ಚೆಂಡು, ಬಾಳೆಹಣ್ಣು. ಅವು ನಮ್ಮ ಅಂಗನವಾಡಿಯ ಗೋಡೆಯ ಮೇಲಿನ ಚಿತ್ರಗಳಂತೆಯೇ ಇದ್ದವು. ಹತ್ತೊಂಬತ್ತು ವರ್ಷ ಕೋಲು ಹಿಡಿದು ಹೇಳಿಕೊಟ್ಟವಳು ನಾನು. ಹಸುವನ್ನು ನೋಡುತ್ತಾ ಕುಳಿತೆ. ಹಸುವೂ ನನ್ನನ್ನು ನೋಡುತ್ತಿತ್ತು.

ನಾನು ಅಳತೊಡಗಿದ್ದನ್ನು ಕಂಡು ಮೇಡಂ ಚಿತ್ರಗಳನ್ನು ತೆಗೆದುಬಿಟ್ಟರು. “ನೀವು ಬಂದ ಬಸ್ಸು ಯಾವ್ಯಾವ ಊರಲ್ಲಿ ನಿಲ್ಲುತ್ತೆ? ಕಂಡಕ್ಟರ್ ಕೂಗಿದ ಹಾಗೆ ಕೂಗಿ” ಎಂದರು. ಜೊತೆಗೆ ಬಂದಿದ್ದ ಯಜಮಾನರು ತಡೆಯಲಾರದೆ ತಾವೇ “ಕಡೂರ್, ಬೀರೂರ್, ಅಜ್ಜಂಪುರ” ಎಂದು ಕೂಗಿಬಿಟ್ಟರು.

“ಸರ್, ನಿಮಗೆ ಸ್ಟ್ರೋಕ್ ಆಗಿಲ್ಲ. ಹೊರಗೆ ಕೂತ್ಕೊಳ್ಳಿ” ಎಂದರು ಮೇಡಂ.

ಆರು ವಾರ ಕಳೆದ ಮೇಲೆ ಮೂರು ಊರುಗಳು ನನ್ನ ಬಾಯಿಗೆ ಬಂದವು: ಕಡೂರು, ತರೀಕೆರೆ, ಅಜ್ಜಂಪುರ. ತರೀಕೆರೆ ಆ ಬಸ್ಸಿನ ದಾರಿಯದಲ್ಲ, ಆಸ್ಪತ್ರೆಯ ದಾರಿಯದು. ಅವತ್ತಿನಿಂದ ಇಂದಿನವರೆಗೂ ಬೆಳಿಗ್ಗೆ ಎಚ್ಚರವಾದ ಕೂಡಲೇ, ಕಣ್ಣು ಬಿಡುವ ಮೊದಲು, ಈ ಮೂರನ್ನೂ ಹೇಳಿಕೊಳ್ಳುತ್ತೇನೆ. ಮೂರೂ ಬಂದರೆ ನಾನು ಇನ್ನೂ ಇದ್ದೇನೆ ಎಂದು ಅರ್ಥ. ಕೆಲವು ದಿನ ತರೀಕೆರೆ ತಡವಾಗುತ್ತದೆ. ಆ ತಡದೊಳಗೆ ನನ್ನ ಮೈ ತಣ್ಣಗಾಗುತ್ತದೆ. ಲಿಂಗಪೂಜೆಗೆ ಕುಳಿತಾಗ ಈ ಭಯವನ್ನು ಬಿಡಲು ಯತ್ನಿಸುತ್ತೇನೆ. ಮಂತ್ರ ಮೊದಲಿನಂತೆಯೇ ತಾನಾಗಿ ಬರುತ್ತದೆ, ಮನಸ್ಸು ಬರುವುದಿಲ್ಲ. ಒಂದು ದಿನ ಅತ್ತೆಯವರಿಗೆ ಇದನ್ನು ತುಂಡುತುಂಡಾಗಿ ಹೇಳಿದೆ. “ಉಸ್ರು ಬರುತ್ತಲ್ಲ, ಅದಕ್ಕೂ ನೀನು ಮನಸಿಟ್ಟು ಬಾ ಅಂತೀಯಾ? ಬರ್ಲಿ ಬಿಡು” ಎಂದು ಹೂಬತ್ತಿ ಹೊಸೆಯುತ್ತಲೇ ಹೇಳಿದರು. ನಲವತ್ತೈದು ವರ್ಷ ಕೊರಳಲ್ಲಿ ಕಟ್ಟಿಕೊಂಡಿದ್ದುದನ್ನು ಅಂದು ಮೊದಲ ಸಲ ಕೈಯಲ್ಲಿ ಹಿಡಿದ ಹಾಗಾಯಿತು.

ಮಾತಿನ ಮೇಡಂ ಒಂದು ದಿನ ಕನ್ನಡಿ ತಂದರು. “ನನ್ನ ಬಾಯಿ ನೋಡಿ, ಆಮೇಲೆ ನಿಮ್ಮ ಬಾಯಿ ನೋಡಿಕೊಂಡು ಹಾಗೇ ಮಾಡಿ” ಎಂದರು. ನಾನು ಅವರ ತುಟಿಗಳನ್ನೇ ಎವೆಯಿಕ್ಕದೆ ನೋಡುತ್ತಾ ಕುಳಿತೆ. ಆಮೇಲೆ ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡಾಗ ಬೆಚ್ಚಿಬಿದ್ದೆ. ಆ ನೋಟವನ್ನು ನಾನು ಮೊದಲೇ ಕಂಡಿದ್ದೆ. ಮುಂದಿನ ಸಾಲಿನಲ್ಲಿ ಕುಳಿತು ನನ್ನ ಬಾಯಿಯನ್ನೇ ನೋಡುತ್ತಿದ್ದ ಲಾವಣ್ಯಳ ನೋಟ ಅದು. ಕಥೆ ಇಷ್ಟವಾಗಿ ನೋಡುತ್ತಾಳೆಂದು ನಾನು ಹಿಗ್ಗುತ್ತಿದ್ದೆ. ಅವಳಿಗೆ ಕಥೆ ಕೇಳಿಸಿಯೇ ಇರಲಿಲ್ಲ. ನನ್ನ ಬಾಯಿ ಇಳಿದದ್ದು ಎಲ್ಲರಿಗಿಂತ ಮೊದಲು ಅವಳಿಗೆ ಕಂಡದ್ದೂ ಅದಕ್ಕೇ.

ಆ ಸಂಜೆ ಅತ್ತೆಯವರ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ನೆರಳು, ನೀಲಿ ಗುರುತು, ಎಲ್ಲ. ಅರ್ಧ ಮಾತು, ಅರ್ಧ ಕೈಸನ್ನೆ. ಕೊನೆಗೆ, “ಅದಕ್ಕೇ... ಶಿವ... ನನಗೆ” ಎಂದು ನನ್ನ ಬಾಯಿಯನ್ನು ಮುಟ್ಟಿ ತೋರಿಸಿದೆ.

ಅತ್ತೆಯವರು ಸಿಟ್ಟಾದರು. “ಶಿವ ಏನು ನಿಮ್ಮ ಸೂಪರ್‌ವೈಸರ್ರಾ, ಕೂತ್ಕೊಂಡು ರಿಜಿಸ್ಟರ್ ನೋಡೋಕೆ? ಶಿಕ್ಷೆ ಅಂತೆ ಶಿಕ್ಷೆ. ಇಲ್ಲಿ ಅಳ್ತಾ ಕೂತ್ರೆ ಆ ಕೂಸಿಗೆ ಏನ್ ಸಿಕ್ತು? ಹೋಗು ಅವರ ಮನೆಗೆ.”

ಶಿವನಿಗೆ ಹೆದರುವುದು ಸುಲಭವಾಗಿತ್ತು, ತಿಮ್ಮಕ್ಕನಿಗೆ ಹೆದರುವುದು ಕಷ್ಟ. ಹೇಳಬೇಕಾದ ಮಾತನ್ನು ಮೂರು ದಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡೆ. ‘ಮಗುವಿಗೆ ಕಿವಿ ಕೇಳುತ್ತಿಲ್ಲ. ಕಡೂರಿಗೆ ಹೋಗೋಣ.’ ನಾಲ್ಕನೇ ದಿನ ಅತ್ತೆಯವರ ತೋಳು ಹಿಡಿದು ಅವರ ಮನೆಯ ಅಂಗಳಕ್ಕೆ ಹೋದೆ. ತಿಮ್ಮಕ್ಕ ರಾಗಿ ಕೇರುತ್ತಿದ್ದಳು. ನನ್ನನ್ನು ಕಂಡು ಮೊರ ಬಿಟ್ಟು ಎದ್ದು, “ಅಯ್ಯೋ ಟೀಚರಮ್ಮ, ಎಂಗಿದ್ದೋಳು ಎಂಗಾದೆ” ಎಂದು ಕಣ್ಣೊರೆಸಿಕೊಂಡಳು. ನಾನು ಅಭ್ಯಾಸ ಮಾಡಿದ್ದನ್ನು ಹೇಳಿದೆ. ‘ಕಿವಿ’ ಎಂಬಲ್ಲಿ ಎರಡು ಸಲ ತಡೆಯಿತು. ಮಾತು ಮುಗಿಯುವಷ್ಟರಲ್ಲಿ ಅವಳ ಮುಖ ಗಂಟಾಯಿತು.

“ಚೆನ್ನಾಗೈತೆ. ಮಾತು ಬರ್ದೋಳು ಮನೆ ಬಾಗ್ಲಿಗೆ ಬಂದು ನನ್ನ ಮೊಮ್ಮಗಳಿಗೆ ಮಾತು ಬರಲ್ಲ ಅಂತಾಳೆ. ಅವತ್ತು ನೀನೇ ಅಲ್ವಾ ಸರಿಯಾಗೈತೆ ಅಂತ ಬರ್ಕೊಂಡಿದ್ದು?”

“ಸುಳ್ಳು” ಎಂದೆ. ಆ ಒಂದು ಮಾತು ತಡೆಯಿಲ್ಲದೆ ಬಂದಿತು. “ನಾನು... ಸುಳ್ಳು ಬರೆದೆ.”

ಲಾವಣ್ಯ ಜಗುಲಿಯ ಮೇಲೆ ನಮ್ಮ ಕಡೆ ಬೆನ್ನು ಹಾಕಿ ಕುಳಿತಿದ್ದಳು. ತಿಮ್ಮಕ್ಕ ನಿಧಾನವಾಗಿ ಮೊರವನ್ನು ಎತ್ತಿಕೊಂಡು ಮಗುವಿನ ಹಿಂದೆ ಹೋಗಿ, ನೆರಳು ಬೀಳದಂತೆ ಒಂದು ಬದಿಗೆ ನಿಂತು, ಮೊರದ ಬೆನ್ನಿಗೆ ಕೈಯಿಂದ ಜೋರಾಗಿ ಬಡಿದಳು. ಪಕ್ಕದ ಮನೆಯ ಕೋಳಿಗಳು ಚದುರಿದವು. ಮಗು ತಿರುಗಲಿಲ್ಲ. ಇನ್ನೊಮ್ಮೆ ಬಡಿದಳು. ಆಮೇಲೆ ಮೊರವನ್ನು ಎದೆಗೆ ಒತ್ತಿಕೊಂಡು ಅಲ್ಲಿಯೇ ಕುಳಿತಳು. ಅವಳಿಗೂ ಮೊದಲೇ ಗೊತ್ತಿತ್ತೋ ಏನೋ, ನಾನು ಕೇಳಲಿಲ್ಲ. ಕೊನೆಗೆ, “ಎಷ್ಟೊತ್ತಿಗೆ ಬಸ್ಸು?” ಎಂದಳು.

ಕಡೂರಿನಲ್ಲಿ ಮಾತಿನ ಮೇಡಂ ನೋಡಿ, ಕಿವಿಯ ಪರೀಕ್ಷೆಗೆ ಬರೆದುಕೊಟ್ಟರು. ಎರಡು ಕಿವಿಗೂ ಬಹಳ ಕಡಿಮೆ ಕೇಳುತ್ತದೆ, ಪೂರ್ತಿ ಹೋಗಿಲ್ಲ, ಕಿವಿಗೆ ಮೆಷಿನ್ ಹಾಕಿ ಕಲಿಸಿದರೆ ಮಾತು ಬರಬಹುದು, ಇನ್ನೂ ಬೇಗ ಬಂದಿದ್ದರೆ ಒಳ್ಳೆಯದಿತ್ತು ಎಂಬುದು ಸಿಕ್ಕ ಉತ್ತರ. ಕೊನೆಯ ಮಾತು ನನಗೆ ಸೇರಿದ್ದು. ಆ ಹೊಣೆಯನ್ನು ತಿಮ್ಮಕ್ಕನ ಜೊತೆ ಹಂಚಿಕೊಳ್ಳಲು ನಾನು ಒಪ್ಪುವುದಿಲ್ಲ, ಅವಳು ಒಪ್ಪಿದರೂ ಸಹ.

ಕೆಲಸಕ್ಕೆ ಮರಳಿದ ದಿನ ಮೊದಲು ಹಳೆಯ ರಿಜಿಸ್ಟರ್ ತೆಗೆದೆ. ನಮ್ಮ ನಿಯಮದಂತೆ ಬರೆದದ್ದನ್ನು ಅಳಿಸಬಾರದು, ಮೇಲೆ ಮೆತ್ತಬಾರದು. ತಪ್ಪಿನ ಮೇಲೆ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ಸಹಿ ಮಾಡಬೇಕು. ಎಡಗೈಯಲ್ಲಿ ಗೆರೆ ಸೊಟ್ಟಗಾಯಿತು. ಸಹಿ ನನ್ನದೆಂದು ನನಗೇ ಗುರುತು ಸಿಗಲಿಲ್ಲ. ಮೇಲ್ವಿಚಾರಕಿಯವರಿಗೆ ಪತ್ರವನ್ನೂ ಬರೆದುಕೊಟ್ಟೆ. ಅವರು ಓದಿ, ಬಹಳ ಹೊತ್ತು ನನ್ನ ಬಲಗೈಯನ್ನೇ ನೋಡಿ, “ಲಿಖಿತವಾಗಿ ಎಚ್ಚರಿಕೆ ಕೊಡ್ಲೇಬೇಕಾಗುತ್ತೆ ಸುಮಂಗಳಾ” ಎಂದರು. ಕೊಟ್ಟರು. ಅದನ್ನು ಫೈಲಿನಲ್ಲಿ ಇಟ್ಟುಕೊಂಡಿದ್ದೇನೆ.

ಈಗ ಆ ಬೆಂಚಿನ ವಿಚಾರ. ಹೋದ ತಿಂಗಳು ಲಾವಣ್ಯಳ ಮೆಷಿನ್ ತೋರಿಸಲು ತಿಮ್ಮಕ್ಕನ ಜೊತೆ ಕಡೂರಿಗೆ ಹೋಗಿದ್ದೆ. ನಮ್ಮ ಟೋಕನ್ನಿಗೆ ಇನ್ನೂ ಸಮಯವಿತ್ತು. ಪಕ್ಕದಲ್ಲಿ ಒಬ್ಬ ಹೆಂಗಸು, ಅವರ ಪಕ್ಕದಲ್ಲಿ ಗಂಡ. ಗಂಡನ ಬಾಯಿ ಬಲಕ್ಕೆ ಇಳಿದಿತ್ತು. ಆಕೆ ನನ್ನ ಕೈಯಲ್ಲಿದ್ದ ಅಭ್ಯಾಸದ ಪುಸ್ತಕ ನೋಡಿ ಕೇಳಿದರು.

“ನಿಮಗೂ ಆಗಿತ್ತೇನಮ್ಮ? ಮಾತು ವಾಪಸ್ಸು ಬರುತ್ತಾ?”

ಬರುತ್ತದೆ ಎನ್ನಲು ಬಾಯಿ ತೆರೆದೆ. ಏನೂ ಇರಲಿಲ್ಲ. ಎಂಟು ತಿಂಗಳು ಕಷ್ಟಪಟ್ಟು ಕೂಡಿಸಿದ್ದು ಒಂದೇ ಸಲ ಗುಡಿಸಿದ ಹಾಗೆ ಖಾಲಿ. ಊರುಗಳನ್ನು ಹುಡುಕಿದೆ. ನಾನು ಕುಳಿತಿದ್ದ ಊರಿನ ಹೆಸರೇ ಸಿಗಲಿಲ್ಲ. ಬಲಗೈ ಜುಮ್ಮೆನ್ನುವಂತಾಯಿತು. ಮತ್ತೆ ಬಂದಿತು, ಈ ಸಲ ಬಿಡುವುದಿಲ್ಲ ಎಂದುಕೊಂಡೆ. ಎಡಗೈ ಕೊರಳಿನ ಕರಡಿಗೆಯನ್ನು ಹಿಡಿದಿತ್ತು. ತಿಮ್ಮಕ್ಕ ನೀರು ಹಿಡಿಯಲು ಹೋಗಿದ್ದಳು.

ನೆಲದ ಮೇಲೆ ಆಡುತ್ತಿದ್ದ ಲಾವಣ್ಯ ತಲೆಯೆತ್ತಿ ನನ್ನನ್ನು ನೋಡಿದಳು. ಎದ್ದು ಬಂದಳು. ನನ್ನ ಮೊಣಕಾಲಿಗೆ ಒರಗಿ, ಬಾಯಿಯ ಬಲತುದಿಗೆ ಬೆರಳಿಟ್ಟಳು. ಆಮೇಲೆ ಎಡತುದಿಗೂ ಬೆರಳಿಟ್ಟು, ಎರಡನ್ನೂ ಹೋಲಿಸಿ ನೋಡಿದಳು. ಮೇಲಕ್ಕೆ ಒತ್ತಲಿಲ್ಲ. ಒತ್ತುವಂಥದ್ದು ಅಲ್ಲಿ ಏನೂ ಇಲ್ಲವೆಂದು ಖಚಿತಪಡಿಸಿಕೊಂಡವಳಂತೆ ಬೆರಳು ತೆಗೆದು, ಮತ್ತೆ ನೆಲಕ್ಕೆ ಇಳಿದು ಆಟಕ್ಕೆ ಕುಳಿತಳು.

ಸ್ವಲ್ಪ ಹೊತ್ತಿಗೆ ಕೈ ಸರಿಯಾಯಿತು. ‘ಕಡೂರು’ ಬಂದಿತು. ಆ ಹೊತ್ತಿಗೆ ಅವರ ಟೋಕನ್ ಕೂಗಿ ಆ ಹೆಂಗಸು ಗಂಡನನ್ನು ಎಬ್ಬಿಸಿಕೊಂಡು ಒಳಗೆ ಹೋಗಿಯಾಗಿತ್ತು. ನನ್ನ ಮೌನವನ್ನೇ ಅವರು ಉತ್ತರವೆಂದು ತಿಳಿದಿರಬಹುದು. ಆ ದಿನವೇ ಮೇಡಂ ನನ್ನನ್ನೂ ಡಾಕ್ಟರ ಹತ್ತಿರ ಕಳುಹಿಸಿದರು. ಅವರು ಪರೀಕ್ಷಿಸಿ ಮಾತ್ರೆ ಬದಲಿಸಿದರು. ಈ ಸಲ ಹೆದರಿಕೆಯೇ ಹೆಚ್ಚಾಗಿತ್ತು, ಆದರೂ ಹೀಗಾದಾಗಲೆಲ್ಲ ತಡಮಾಡದೆ ಬರಬೇಕು ಎಂದರು. ಭಯ ಹೋಗಿದೆಯೆಂದು ನಾನು ಬರೆಯಲಾರೆ. ಈ ಬೆಳಿಗ್ಗೆಯೂ ತರೀಕೆರೆ ತಡವಾಗಿಯೇ ಬಂದಿತು.

ಆದ್ದರಿಂದ, ಕಡೂರಿನ ಬೆಂಚಿನ ಮೇಲೆ ನನ್ನನ್ನು ಕೇಳಿದ ಆ ತಾಯಿಗೆ ಈ ಮೂಲಕ ನಿವೇದಿಸುವುದೇನೆಂದರೆ: ಬರುತ್ತದೆ. ಹೋದಷ್ಟು ಬರುವುದಿಲ್ಲ, ಕೇಳಿದಾಗ ಬರುವುದಿಲ್ಲ, ಚಿಕ್ಕಂದಿನದು ಮೊದಲು ಬರುತ್ತದೆ, ಪ್ರೀತಿಯ ಹೆಸ್ರು ಕಡೆಗೆ ಬರುತ್ತದೆ. ಅನುಷಾ ಎಂದು ನಾನು ಕರೆದದ್ದು ಐದನೇ ತಿಂಗಳಲ್ಲಿ. ಅವಳು ತಿರುಗಿದಳು. ಅಲ್ಲಿಯವರೆಗೆ ನಿಮ್ಮ ಯಜಮಾನರು ಒಳಗೆ ಪೂರ್ತಿಯಾಗಿ ಇದ್ದಾರೆಂದು ತಿಳಿದು ಮಾತಾಡಿಸುತ್ತಿರಿ.

ಇದರಲ್ಲಿ ತಪ್ಪುಗಳು ಇದ್ದೇ ಇವೆ. ಮೇಲೆ ಒಂದು ಕಡೆ ‘ಹೆಸರು’ ಎನ್ನುವಲ್ಲಿ ಕೈ ಜಾರಿರುವುದು ಈಗ ಕಂಡಿತು, ಇನ್ನೆಷ್ಟಿವೆಯೋ ತಿಳಿಯದು. ಓದುಗರು ದಯಮಾಡಿ ತಿದ್ದಬೇಕು. ಆದರೆ ಅಳಿಸಬೇಡಿ. ತಪ್ಪಿನ ಮೇಲೆ, ಅದು ಓದಲು ಬರುವಂತೆ, ಒಂದೇ ಗೆರೆ ಎಳೆದು, ಸರಿಯಾದುದನ್ನು ಪಕ್ಕದಲ್ಲಿ ಬರೆದು, ತಮ್ಮ ಸಹಿ ಮಾಡಿ.

ತಮ್ಮ ವಿಶ್ವಾಸಿ,
ಸುಮಂಗಳ
(ಎಡಗೈ ಸಹಿ)